ಕೊನೆಯ ಪಂಕ್ತಿಯ ಊಟ

ರೇವಣಸಿದ್ಧಯ್ಯನ ಹಣೆಯಲ್ಲಿ ಗಾದಿಯೋಗ ಬರೆದಿದೆ ಎಂದು ಉದಗೀರದ ಜ್ಯೋತಿಷಿಯೊಬ್ಬ ಹೇಳಿದ್ದ. ಅವನು ಸುಳ್ಳುಗಾರನಲ್ಲ. ಎಂಥ ಗಾದಿ, ಎಲ್ಲಿಯ ಗಾದಿ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ, ಅಷ್ಟೆ.

ಒಂಬತ್ತನೆಯ ವಯಸ್ಸಿಗೆ ಅವನನ್ನು ನಿಲಂಗಾ ತಾಲೂಕಿನ ಒಂದು ಸಣ್ಣ ಊರಿನ ಮಠಕ್ಕೆ ಬಿಟ್ಟರು. ಊರಿನ ಹೆಸರು ಬೇಡ; ಮಠ ಇನ್ನೂ ಇದೆ, ಅಲ್ಲಿನ ಪಂಚರಿಗೆ ಸಿಟ್ಟು ಬೇಗ ಬರುತ್ತದೆ. ಮುಂದಿನ ಸ್ವಾಮಿಯಾಗಲೆಂದು ಚಿಕ್ಕಂದಿನಲ್ಲೇ ತಂದು ಸಾಕಿಕೊಳ್ಳುವ ಜಂಗಮರ ಹುಡುಗನಿಗೆ ಆ ಕಡೆ ಮರಿ ಅನ್ನುತ್ತಾರೆ. ಹಿಂದಿನ ದಿನದವರೆಗೂ “ರೇವಣ್ಯಾ, ಮಾರಿ ತೊಳಕೊ” ಎಂದು ಗದರುತ್ತಿದ್ದ ತಾಯಿ, ಕಾವಿ ಉಡಿಸಿದ ದಿನ ಮಗನ ಕಾಲಿಗೆ ಬಿದ್ದಳು. ಎದ್ದು ನಿಂತು “ಅಪ್ಪಾವ್ರೆ” ಅಂದಳು. ಅಂದಿನಿಂದ ಸಾಯುವವರೆಗೂ ಅವಳ ಬಾಯಲ್ಲಿ ಅವನ ಹೆಸರು ಬರಲಿಲ್ಲ. ಹುಡುಗ ಗೋಡೆಗೆ ಮುಖ ಮಾಡಿ ಅತ್ತ. ಮುಂದೆ ಸ್ವಾಮಿಯಾಗುವವನ ಬೆನ್ನು ಸವರುವ ಧೈರ್ಯ ಯಾರಿಗಿದ್ದೀತು?

ಹಿರಿಯ ಸ್ವಾಮಿಗಳು ಪ್ರತಿ ವರ್ಷ “ಬರೂ ಶ್ರಾವಣದಾಗ ಮರಿಗೆ ಪಟ್ಟಾ ಕಟ್ಟೂನು” ಅನ್ನುತ್ತಿದ್ದರು. ಶ್ರಾವಣಗಳು ಬಂದವು, ಹೋದವು. ಸ್ವಾಮಿಗಳು ಮಾತ್ರ ತೊಂಬತ್ತು ದಾಟಿದರೂ ಕಬ್ಬು ಸಿಗಿದು ತಿನ್ನುವಷ್ಟು ಗಟ್ಟಿಯಾಗಿದ್ದರು. ಮರಿಗೆ ಮೀಸೆ ಬಂತು, ಗಡ್ಡ ಬಂತು, ಗಡ್ಡ ಬೆಳ್ಳಗೂ ಆಯಿತು. ಕೊನೆಗೂ ಸ್ವಾಮಿಗಳು ಲಿಂಗೈಕ್ಯರಾದಾಗ ಪಂಚರು ಕೂಡಿ, ಅವರ ತಮ್ಮನ ಮೊಮ್ಮಗನನ್ನು ಕರೆತಂದು ಗಾದಿಯ ಮೇಲೆ ಕೂರಿಸಿದರು. ಆ ಹುಡುಗನಿಗೆ ಇಪ್ಪತ್ತೆರಡು ವರ್ಷ, ಮೊಬೈಲಿನಲ್ಲಿ ಪ್ರವಚನ ಮಾಡುತ್ತಿದ್ದ. “ಮರಿ ಅಂತ ತಂದದ್ದು ಖರೇ ಅದ,” ಎಂದು ಪಂಚರೊಬ್ಬರು ಬಹಳ ಮರ್ಯಾದೆಯಿಂದ ವಿವರಿಸಿದರು, “ಆದ್ರ ಈಗ ಮರಿಗೇ ವಯಸ್ಸಾಗ್ಯಾದಲ್ರಿ.” ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

ಹಿಂದಿನ ಕೋಣೆಯಲ್ಲಿ ಇರಿ, ಹೊಸ ಸ್ವಾಮಿಗಳಿಗೆ ನೆರಳಾಗಿರಿ ಅಂದರು. ಅಂದರೆ ಸಾಯುವವರೆಗೂ ಮರಿಯಾಗಿಯೇ ಇರಿ ಅಂತ. ರೇವಣಸಿದ್ಧಯ್ಯನಿಗೆ ಆ ದಿನ ತನ್ನ ಬದುಕೆಲ್ಲ ಇನ್ನೊಬ್ಬರ ಮನೆಯ ಕಟ್ಟೆಯ ಮೇಲೆ ಬಸ್ಸು ಕಾದದ್ದಾಯಿತು ಅನ್ನಿಸಿ ಬಹಳ ದುಃಖವಾಯಿತು. ಕಾವಿ ಬಿಚ್ಚಿ ಮಡಚಿಟ್ಟ, ಗಡ್ಡ ಬೋಳಿಸಿಕೊಂಡ, ಬಿಳಿ ಅಂಗಿ ಪೈಜಾಮ ತೊಟ್ಟ. ದುಡಿದು ತಿನ್ನುತ್ತೇನೆ ಎಂದು ಹೊರಬಿದ್ದ.

ಹೊರಬೀಳುವುದು ಸುಲಭ. ಮಂದಿ ಬಿಡಬೇಕಲ್ಲ. ಕಾವಿ ಗಡ್ಡ ಹೋದರೂ ಮಠಕ್ಕೆ ನಡೆದುಕೊಳ್ಳುವ ಸುತ್ತಲ ಊರವರಿಗೆಲ್ಲ ಆ ಮುಖ ಗೊತ್ತಿತ್ತು.

ಮೊದಲು ಉಮರ್ಗಾದಲ್ಲಿ ನಾಗಣ್ಣನೆಂಬುವನ ಬಟ್ಟೆ ಅಂಗಡಿಗೆ ಸೇರಿದ. ಸೀರೆ ಬಿಚ್ಚಿ ತೋರಿಸಿ ರೇಟು ಹೇಳುವುದು ಅವನ ಕೆಲಸ. ಆದರೆ ಮರಿ ಅಪ್ಪಾವರ ಬಾಯಿಂದ ಬಂದ ರೇಟಿಗೆ ಎದುರಾಡುವುದು ಹೇಗೆ? ಹೆಂಗಸರು ಕೈಮುಗಿದು ಅಂದಷ್ಟು ಕೊಟ್ಟು ಹೋದರು. ನಾಗಣ್ಣನಿಗೆ ಸ್ವರ್ಗವೇ ಸಿಕ್ಕಂತಾಯಿತು. ಆದರೆ ಚೌಕಾಶಿ ಇಲ್ಲದ ಮೇಲೆ ಸೀರೆ ಕೊಳ್ಳುವುದರಲ್ಲಿ ಏನು ಸುಖ? ಒಂದು ಸಲ ಬಂದವಳು ಮತ್ತೆ ಆ ಅಂಗಡಿ ಹತ್ತಲಿಲ್ಲ. ನಾಗಣ್ಣ ಕಾಲಿಗೆ ಬಿದ್ದು ಅವನನ್ನು ಕೆಲಸದಿಂದ ತೆಗೆದ.

ಆಮೇಲೆ ಉದಗೀರದಲ್ಲಿ ಒಂದು ಟಮ್‌ಟಮ್‌ ಆಟೋಗೆ ಮಂದಿ ಕೂಗಿ ಹತ್ತಿಸುವ ಕೆಲಸ. ಅಲ್ಲಿ ಹತ್ತುವವರೆಲ್ಲ ಗುಡಿ ಹೊಕ್ಕಂತೆ ಚಪ್ಪಲಿ ಕೆಳಗೆ ಬಿಟ್ಟು ಹತ್ತಿದರು. ಇಳಿಯುವಾಗ ನೆನಪಾಗಿ, ಹಿಂದಕ್ಕೆ ಹೋಗೋಣ ಎಂದು ಹಟ ಹಿಡಿದರು. ಟಮ್‌ಟಮ್ಮಿನವನೂ ಕಾಲಿಗೆ ಬಿದ್ದ.

ಹೀಗೆ ಎಲ್ಲ ಕಡೆ ನಮಸ್ಕಾರ ಮಾಡಿಸಿಕೊಂಡು ಹೊರದೂಡಿಸಿಕೊಂಡ ರೇವಣಸಿದ್ಧಯ್ಯ ಔರಾದ ಶಹಾಜನಿಗೆ ಬಂದು, ಗೌರಾಬಾಯಿಯ ಖಾನಾವಳಿಯ ಮುಂದೆ ನಿಂತ.

ಗೌರಾಬಾಯಿ ಭಾಲ್ಕಿ ಕಡೆಯಿಂದ ಔರಾದಕ್ಕೆ ಮದುವೆಯಾಗಿ ಬಂದವಳು. ಗಂಡ ವೈಜನಾಥ ಗೊಬ್ಬರದ ಅಂಗಡಿ ಇಟ್ಟು, ಅಂಗಡಿಯನ್ನೂ ಕುಡಿದು, ಕೊನೆಗೆ ತಾನೂ ತೀರಿಕೊಂಡ. ಅತ್ತೆಮನೆಯವರು ಇನ್ನು ನೀನು ಮೂಲೆಯಲ್ಲಿ ಕೂತಿರು ಅಂದರು. ಕೂತಳು, ಆದರೆ ಬೀದರ ರಸ್ತೆಯ ಮೂಲೆಯಲ್ಲಿ, ಒಂದು ಹೆಂಚು ಇಟ್ಟುಕೊಂಡು. ಈಗ ಅವಳ ಜೋಳದ ರೊಟ್ಟಿ, ಝುಣಕ, ಪುಂಡಿಪಲ್ಯಕ್ಕೆ ಸಂತೆಯ ದಿನ ಜನ ಸಾಲು ಹಚ್ಚುತ್ತಾರೆ. ಬಾಯಿ ಜೋರು, ಕೈ ಉದಾರ, ಭಕ್ತಿ ವಿಪರೀತ. ಬಡಿಸುವ ಹುಡುಗ ಪುಣೆಗೆ ಓಡಿಹೋಗಿ ವಾರವಾಗಿತ್ತು.

ಅವನನ್ನು ಕಂಡದ್ದೇ ಸೆರಗು ಹೊದ್ದು ಕಾಲಿಗೆ ಬಿದ್ದಳು.

“ಕಾಲು ಬಿಡ್ರಿ ತಾಯಿ, ಕೆಲಸಾ ಕೊಡ್ರಿ,” ಅಂದ ರೇವಣಸಿದ್ಧಯ್ಯ. “ಬಡಸತೀನಿ, ತಾಟ ತೊಳೀತೀನಿ.”

“ಶಿವ ಶಿವಾ! ನಿಮ್ಮ ಕೈಲೆ ತಾಟ ತೊಳಸಿದ್ರ ನನಗ ನರಕದಾಗ ಭಿ ಜಾಗಾ ಸಿಗಲ್ಲರಿ.”

“ಎಲ್ಲಾರೂ ನಮಸ್ಕಾರ ಮಾಡಿ ಹೊರಗ ಹಾಕ್ಯಾರ. ನೀವು ಬೈದರ ಭಿ ನಡೀತದ, ಇಟ್ಕೋರಿ.”

ಹೆಂಚಿನ ಮುಂದೆ ರೊಟ್ಟಿ ಬಡಿಯುತ್ತಿದ್ದ ಕಸ್ತೂರಬಾಯಿ ತಲೆ ಎತ್ತಿ ನೋಡಿದಳು. ವಯಸ್ಸಾದವಳು, ಮಾತು ಕಡಿಮೆ. “ಇಟ್ಕೊ ಗೌರಾ,” ಅಂದಳು. “ತಾಟ ಬ್ಯಾಡ, ಬಡಸಲಿ. ಅಯ್ಯನವರ ಕೈಲೆ ಬಡಸಿದ್ದು ಪ್ರಸಾದ ಆತದ.” ಆ ಪ್ರಸಾದದ ಮಾತು ಮುಂದೆ ಎಷ್ಟು ದುಬಾರಿಯಾಗುತ್ತದೆ ಎಂದು ಪಾಪ ಅವಳಿಗೂ ಗೊತ್ತಿರಲಿಲ್ಲ.

ಮೊದಲ ಕೆಲವು ದಿನ ರೇವಣಸಿದ್ಧಯ್ಯನ ಜೀವನದಲ್ಲೇ ಅತ್ಯಂತ ಸುಖದ ದಿನಗಳು. ಲಾರಿ ಡ್ರೈವರುಗಳು, ಲಾತೂರ ಕಡೆಯ ವ್ಯಾಪಾರಿಗಳು, ಇವರಿಗೆಲ್ಲ ಅವನು ಯಾರೋ ಏನೋ. “ಏ ಕಾಕಾ, ಭಾಕರಿ ಆಣಾ,” ರೊಟ್ಟಿ ತಾ ಎಂದು ಮರಾಠಿಯಲ್ಲಿ ಕೂಗುತ್ತಿದ್ದರು. ಅವನು ಓಡುತ್ತಿದ್ದ. ಎರಡು ಗ್ಲಾಸು ಒಡೆದ. ಒಬ್ಬ ಡ್ರೈವರ ತೊಡೆಯ ಮೇಲೆ ಬೇಳೆ ಚೆಲ್ಲಿ ಬೈಸಿಕೊಂಡ. ಆ ಬೈಗುಳವನ್ನು ಮಲಗುವ ಹೊತ್ತಿಗೆ ಮತ್ತೊಮ್ಮೆ ನೆನೆಸಿಕೊಂಡು ನಕ್ಕ.

ಒಂದೇ ಕೊರತೆ. ಮಧ್ಯಾಹ್ನ ಗಿರಾಕಿಗಳೆಲ್ಲ ಹೋದ ಮೇಲೆ ಗೌರಾಬಾಯಿ ಅವನಿಗೆ ಮಣೆ ಹಾಕಿ, ತಾಟು ಇಟ್ಟು, ಸೆರಗು ಹೊದ್ದು ಬದಿಗೆ ನಿಲ್ಲುತ್ತಿದ್ದಳು. ಅಯ್ಯನವರು ಉಣ್ಣದೆ ಭಕ್ತರು ಉಣ್ಣಬಾರದು. ಅದು ಆ ಕಡೆಯ ಭಕ್ತ ಮನೆತನಗಳ ಹಳೆಯ ನೇಮ. ಅವನು ಒಬ್ಬನೇ ಉಂಡು ಕೈ ತೊಳೆದು ಹೊರಗೆ ಬಂದ ಮೇಲೆ ಆ ಇಬ್ಬರು ಹೆಂಗಸರು ಒಳಗೆ ಕೂತು ಉಣ್ಣುತ್ತಿದ್ದರು. ಗೋಡೆಯ ಆಚೆಯಿಂದ ಅವರ ಜಗಳ ಕೇಳುತ್ತಿತ್ತು. “ಉಪ್ಪ ಕಮ್ಮಿ ಬಿದ್ದದ.” “ನಿನ್ನ ನಾಲಿಗಿಗೆ ತುಕ್ಕ ಹಿಡದದ.” ಆಮೇಲೆ ನಗು. ರೇವಣಸಿದ್ಧಯ್ಯ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ. ಆ ಗೋಡೆಯ ಆಚೆ ಕೂರಬೇಕು ಅನ್ನುವ ಆಸೆ ಅವನಿಗೆ ಹಸಿವಿನಂತೆ ಹತ್ತಿತು. ಮಠದ ಗಾದಿಗೂ ಅವನು ಇಷ್ಟು ಆಸೆಪಟ್ಟಿರಲಿಲ್ಲ.

ಸಂತೆಯ ದಿನ ಬಂತು. ಆ ದಿನ ಮೇಜುಗಳು ಸಾಲದೆ ಪಡಸಾಲೆಯಲ್ಲಿ ಪಂಕ್ತಿ ಹಾಕುತ್ತಿದ್ದರು. ಮೊದಲ ಪಂಕ್ತಿಯಲ್ಲಿ ವಲಾಂಡಿಯ ಕಲ್ಯಾಣಪ್ಪ ಕೂತ; ಸೋಯಾಬೀನ ಮಾರಲು ಬಂದಿದ್ದ ದೊಡ್ಡ ರೈತ, ಹಣೆ ತುಂಬ ವಿಭೂತಿ, ಸುತ್ತಲ ಊರವರು ಅವನ ಮಾತು ಮೀರುವವರಲ್ಲ. ರೊಟ್ಟಿ ಬಿತ್ತು, ಪಲ್ಯ ಬಿತ್ತು, ಝುಣಕ ಬಿತ್ತು. ಒಬ್ಬನೂ ಕೈ ಹಚ್ಚಲಿಲ್ಲ.

“ಯಾಕ್ರಿ, ಸುರು ಮಾಡ್ರಿ,” ಅಂದಳು ಗೌರಾಬಾಯಿ.

“ಅಪ್ಪಾವ್ರು ಉಂಡಾರೇನು?” ಕಲ್ಯಾಣಪ್ಪ ಕೇಳಿದ.

“ಅವರು ಆಮ್ಯಾಲೆ ಉಣತಾರ.”

“ಹಂಗ ಹ್ಯಾಂಗ ಆತದ ಬಾಯಿ? ಅಯ್ಯನವರು ಹಸದು ನಿಂತಾಗ ನಾವು ಬಾಯಾಗ ತುತ್ತ ಹಾಕೂದೇನು? ನಮ್ಮ ಮನ್ಯಾಗ ಏಳು ತಲಿ ಯಾರೂ ಹಂಗ ಮಾಡಿಲ್ಲ.”

ರೇವಣಸಿದ್ಧಯ್ಯ ಪಲ್ಯದ ಬೋಗುಣಿ ಹಿಡಿದುಕೊಂಡೇ ಮುಂದೆ ಬಂದ. “ಕಲ್ಯಾಣಪ್ಪ, ನಾ ಈಗ ಅಪ್ಪಾ ಅಲ್ಲ. ಮಠಾ ಬಿಟ್ಟೀನಿ. ಇಲ್ಲಿ ಬಡಸೂ ಆಳು.”

“ಅದು ನಿಮ್ಮ ದೊಡ್ಡತನರೀ,” ಎಂದು ಕಲ್ಯಾಣಪ್ಪ ಕೂತಲ್ಲಿಂದಲೇ ಕೈಮುಗಿದ. ಇಡೀ ಪಂಕ್ತಿ ಕೈಮುಗಿಯಿತು. ಎಷ್ಟು ವಿನಯ ನೋಡು ಅಂತ ಒಬ್ಬ ಇನ್ನೊಬ್ಬನಿಗೆ ಪಿಸುಗುಟ್ಟಿದ.

ಬೇರೆ ದಾರಿಯಿಲ್ಲದೆ ಅವನು ಕೂತು ಉಂಡ. ನಾಲ್ಕು ತುತ್ತಿಗೆ ಬಿಡಲಿಲ್ಲ. ಹೊಟ್ಟೆ ತುಂಬ ಉಣ್ಣಬೇಕು ಅಂದರು. ಎರಡನೆಯ ಪಂಕ್ತಿ ಕೂತಾಗ, ಈಗ ಉಂಡೀನಿ ಅಂದರೆ ಯಾರು ಕೇಳಬೇಕು? “ಅದು ಆ ಪಂಕ್ತಿಗೆ ಆತ್ರಿ. ನಮ್ಮ ಪಂಕ್ತಿಗೆ?” ಹೀಗೆ ಪಂಕ್ತಿಗೊಂದು ಊಟ. ಬಡಿಸುವವ ಉಣ್ಣುತ್ತ ಕೂತ, ಉಣ್ಣುವವರು ಅವನನ್ನು ನೋಡುತ್ತ ಕೂತರು, ಗೌರಾಬಾಯಿ ಒಬ್ಬಳೇ ಓಡಾಡಿ ಬಡಿಸಿದಳು. ಹೊರಗೆ ಕಾದವರು ಸಾಕಾಗಿ ಎದುರಿನ ವಡಾಪಾವಿನವನ ಹತ್ತಿರ ಹೋದರು. ಇಳಿಹೊತ್ತಿಗೆ ರೇವಣಸಿದ್ಧಯ್ಯ ಹಿತ್ತಲ ಬೇವಿನ ಮರ ಹಿಡಿದು ವಾಂತಿ ಮಾಡಿಕೊಂಡ.

ಗೌರಾಬಾಯಿ ಅವನಿಗೆ ನಿಂಬೆಹಣ್ಣಿನ ಪಾನಕ ತಂದುಕೊಟ್ಟು, ಅವನು ಕುಡಿದು ಮುಗಿಸುವವರೆಗೆ ತಡೆದುಕೊಂಡಳು. ಆಮೇಲೆ ಕೈಮುಗಿದು ಹೇಳಿದಳು:

“ಅಪ್ಪಾವ್ರೆ, ನಾ ಬಡಸ್ಲಾಕ ಆಳ ಇಟ್ಟೀನಿ, ಉಣ್ಲಾಕ ಅಲ್ಲ. ಬರೂ ಬಾಜಾರಕ್ಕ ಭಿ ಹಿಂಗೇ ಆದ್ರ ನಾ ಬ್ಯಾರೇದವರಿಗಿ ನೋಡ್ಕೊಬೇಕಾತದ.”

ಹಾಗಾದರೆ ಮುಂದಿನ ಸಂತೆಯೊಳಗೆ ತಾನು ಸಾಮಾನ್ಯ ಮನುಷ್ಯ ಎಂದು ಇಡೀ ಸೀಮೆಗೆ ತೋರಿಸಿಕೊಡಬೇಕು. ಏನು ಮಾಡಿದರೆ ಮಂದಿಗೆ ತನ್ನ ಮೇಲಿನ ಭಕ್ತಿ ಹೋದೀತು ಎಂದು ವಾರವೆಲ್ಲ ಯೋಚಿಸಿದ.

ಸಂತೆಯ ದಿನ ಕಲ್ಯಾಣಪ್ಪ ಕೂತದ್ದೇ ರೇವಣಸಿದ್ಧಯ್ಯ, ಡ್ರೈವರುಗಳಿಂದ ಕಲಿತ ಒಂದು ಬೈಗುಳವನ್ನು ಅವನ ಮುಖಕ್ಕೇ ಎಸೆದ. ಕಲ್ಯಾಣಪ್ಪ ಕಣ್ಣು ಮುಚ್ಚಿ ಅದನ್ನು ಸ್ವೀಕರಿಸಿದ. ದೊಡ್ಡವರು ಬೈದರೆ ಕರ್ಮ ಕಳೆಯುತ್ತದೆ ಅಂತ ಪಕ್ಕದವನಿಗೆ ಹೇಳಿದ. ಪಕ್ಕದವನು “ನನಗೂ ಒಂದ ಬೈರಿ ಅಪ್ಪಾವ್ರೆ, ಮಗಳ ಲಗ್ನ ನಿಂತದ” ಎಂದು ಗೋಗರೆದ. ಆಮೇಲೆ ರೇವಣಸಿದ್ಧಯ್ಯ ಬೇಕೆಂದೇ ಕಲ್ಯಾಣಪ್ಪನ ಹೊಸ ಧೋತರದ ಮೇಲೆ ಬೇಳೆ ಚೆಲ್ಲಿದ. ಕಲ್ಯಾಣಪ್ಪ ಅದನ್ನು ಒಗೆಯದೆ ಮಡಚಿ ದೇವರ ಮನೆಯಲ್ಲಿ ಇಟ್ಟನೆಂದು ಆಮೇಲೆ ಸುದ್ದಿ ಬಂತು. ಬಿಟ್ಟೆನೆಂದರೂ ಬಿಡದೀ ಮಾಯೆ ಅನ್ನುವುದು ಇದಕ್ಕೇ.

ಅದಕ್ಕಿಂತ ಕೆಟ್ಟದ್ದೆಂದರೆ, ಆ ಸಂತೆಗೆ ಜನ ಇಮ್ಮಡಿ ಬಂದಿದ್ದರು. ಮರಿ ಅಪ್ಪಾವರು ಉಂಡ ಮೇಲೆ ಉಣ್ಣುವ ಭಾಗ್ಯ ಔರಾದದ ಖಾನಾವಳಿಯಲ್ಲಿ ಸಿಗುತ್ತದೆ ಅನ್ನುವ ಸುದ್ದಿ ಗುಂಜೋಟಿಯವರೆಗೂ ಹೋಗಿತ್ತು. ಈಗ ಕಾಯುವವರು ಬೇಸರಪಡಲಿಲ್ಲ, ಕಾದಷ್ಟೂ ಪುಣ್ಯ. ಗೌರಾಬಾಯಿ ದೈವಭಕ್ತೆ ಹೌದು, ಆದರೆ ವ್ಯಾಪಾರಸ್ಥೆಯೂ ಹೌದು. ಗಾಳಿ ಬಂದಾಗ ತೂರಿಕೊಳ್ಳಬೇಕು. ಮುಂದಿನ ಸಂತೆಗೆ ಎರಡು ದಿನ ಇರುವಾಗ ಅವಳು ಒಂದು ಗಾದಿ ತರಿಸಿದಳು. ಕೆಂಪು ಮಖಮಲ್ಲು, ಜರಿಯ ಅಂಚು, ಒರಗಲು ಎರಡು ತಕ್ಕೆ.

“ಇನ್ನ ನೀವು ಬಡಸೂದು ಬ್ಯಾಡ್ರಿ ಅಪ್ಪಾವ್ರೆ,” ಅಂದಳು ಖುಷಿಯಿಂದ. “ಇದರ ಮ್ಯಾಲ ಕುಂತು ಪಂಕ್ತಿಗಿ ಎರಡು ತುತ್ತ ಉಂಡ್ರ ಸಾಕು. ಮಂದಿಗಿ ನಾ ಒಪ್ಪಸತೀನಿ. ಪಗಾರ ಭಿ ಜಾಸ್ತಿ ಮಾಡ್ತೀನಿ.”

ರೇವಣಸಿದ್ಧಯ್ಯ ಗಾದಿಯನ್ನು ನೋಡಿದ. ಮಠದ ಗಾದಿಗಿಂತ ಚೆನ್ನಾಗಿತ್ತು, ಸುಳ್ಳೇಕೆ. ಜ್ಯೋತಿಷಿಯ ನೆನಪಾಯಿತು. ಅವನಿಗೆ ನಗು ಬರಬೇಕಿತ್ತು, ಅಳು ಬಂತು.

“ತಾಯಿ, ನಾ ನಾಳೆ ಹೋತೀನ್ರಿ.”

“ಯಾಕ್ರಿ? ಏನ ಕಮ್ಮಿ ಮಾಡೀನಿ?”

“ಒಂಬತ್ತು ವರ್ಷದಾಂವ ಇದ್ದಾಗಿಂದ ಎಲ್ಲಾರಕಿಂತ ಮೊದಲ ಉಂಡೀನಿ. ಯಾವ ಭಕ್ತರ ಮನಿಗಿ ಹೋದ್ರ ಭಿ ನಾ ತುತ್ತ ಎತ್ತೂದು ಇಡೀ ಮನಿ ಮಂದಿ ನಿಂತು ನೋಡತಾರ. ಗಂಟಲದಾಗ ಇಳಿಯಲ್ಲರಿ. ಉಪ್ಪ ಇರಲಿ ಬಿಡಲಿ, ಛಲೋ ಆಗ್ಯಾದ ಅನಬೇಕು. ಇಲ್ಲಂದ್ರ ಅಡಗಿ ಮಾಡಿದ ತಾಯಿ ಎದಿ ಒಡಕೊಂಡು ಅಳತಾಳ. ಇಷ್ಟ ವಯಸ್ಸಾತು, ಒಬ್ಬರ ಜೋಡಿ ಕುಂತು ಉಂಡಿಲ್ಲ.” ಅವನು ಗೋಡೆಯ ಕಡೆ ಕೈ ತೋರಿಸಿದ. “ನನಗ ಅಲ್ಲಿ ಕುಂದ್ರೂದು ಬೇಕಿತ್ತು. ನಿಮ್ಮ ಜೋಡಿ. ಕಡೀಗೆ.”

ಗೌರಾಬಾಯಿಗೆ ಇದು ವಿಚಿತ್ರವಾಗಿ ಕಂಡಿತು. ಹುಟ್ಟಿದಾಗಿನಿಂದ ಅವಳು ಕೊನೆಗೆ ಉಂಡವಳು. ತವರಿನಲ್ಲಿ ಅಣ್ಣಂದಿರಾದ ಮೇಲೆ, ಅತ್ತೆಮನೆಯಲ್ಲಿ ಎಲ್ಲರೂ ಆದ ಮೇಲೆ, ಗಂಡ ಸತ್ತ ನಂತರ ಮದುವೆಮನೆಗಳಲ್ಲಿ ಕೊನೆಯ ಪಂಕ್ತಿಯ ಕೊನೆಯ ಎಲೆ.

“ಕಡೀಗೆ ಏನ ಉಳೀತದ ಗೊತ್ತದೇನ್ರಿ?” ಅಂದಳು. “ತಳಾ ಹತ್ತಿದ ಬ್ಯಾಳಿ. ಮುರದ ರೊಟ್ಟಿ.”

“ಅದೇ ಬೇಕ್ರಿ.”

ಅವಳು ಒಳಗೆ ಹೋದಳು. ಆ ದಿನ ಕಸ್ತೂರಬಾಯಿಯ ಜೊತೆ ಉಪ್ಪಿನ ಜಗಳವೂ ಆಗಲಿಲ್ಲ. ಮರುದಿನ ರೇವಣಸಿದ್ಧಯ್ಯ ಕೈಚೀಲ ಹಿಡಿದು ಬಂದಾಗ, “ನಾಳಿ ಬಾಜಾರ ಅದ. ಅದೊಂದ ಮುಗಸಿ ಹೋಗ್ರಿ” ಎಂದಷ್ಟೇ ಅಂದಳು. ಅವನು ಚೀಲ ಮೂಲೆಗಿಟ್ಟು ನಿಂತ.

ಸಂತೆಯ ದಿನ ಪಡಸಾಲೆ ತುಂಬಿ ರಸ್ತೆಯವರೆಗೆ ಜನ. ಗಾದಿ ಹಾಸಿತ್ತು. ಯಾರೋ ಊದುಬತ್ತಿಯನ್ನೂ ಹಚ್ಚಿದ್ದರು. ಎಲ್ಲರ ತಾಟಿಗೂ ಬಡಿಸಿ ಆಯಿತು. ಕಲ್ಯಾಣಪ್ಪ ಕೈಮುಗಿದು, “ಬರ್ರಿ ಅಪ್ಪಾವ್ರೆ, ಗಾದಿಗಿ ಬರ್ರಿ” ಅಂದ. ರೇವಣಸಿದ್ಧಯ್ಯ ಅಡುಗೆಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಇದೊಂದು ಕೊನೆಯ ಸಲ ಎಂದು ಒಂದು ಹೆಜ್ಜೆ ಇಟ್ಟ.

ಅಷ್ಟರಲ್ಲಿ ಗೌರಾಬಾಯಿ ಅವನನ್ನು ದಾಟಿಕೊಂಡು ಹೋದಳು. ಅವಳ ಕೈಯಲ್ಲಿ ಒಂದು ಬಿಸಿ ರೊಟ್ಟಿ, ಅದರ ಮೇಲೆ ಪುಂಡಿಪಲ್ಯ. ನೆಟ್ಟಗೆ ಹೋಗಿ ಆ ಕೆಂಪು ಗಾದಿಯ ಮೇಲೆ ಕಾಲು ಮಡಚಿ ಕೂತಳು. ಎಲ್ಲರೂ ನೋಡುತ್ತಿರುವಂತೆ ರೊಟ್ಟಿ ಮುರಿದಳು, ಪಲ್ಯಕ್ಕೆ ಒತ್ತಿದಳು, ಬಾಯಿಗೆ ಹಾಕಿಕೊಂಡಳು. ಅಗಿದಳು.

ಹೆಂಚಿನ ಮುಂದಿನಿಂದ “ಅಯ್ಯೋ ಶಿವಾ” ಎಂದು ಕಸ್ತೂರಬಾಯಿಯ ದನಿ ಬಂತು. ಗೌರಾಬಾಯಿ ತುತ್ತು ನುಂಗಿ, ಬಾಗಿಲ ಕಡೆ ತಿರುಗಿದಳು.

“ಏ ರೇವಣಸಿದ್ಧಾ! ಆ ಕಡಿ ಸಾಲಿಗಿ ನೀರ ಕೊಟ್ಟಿಲ್ಲ. ಏನ ಬಾಯಿ ತಕ್ಕೊಂಡು ನಿಂತೀ?”

ಅಯ್ಯ ಇಲ್ಲ, ಅಪ್ಪ ಇಲ್ಲ, ರೀ ಇಲ್ಲ. ಹುಟ್ಟಿದಾಗ ಇಟ್ಟ ಹೆಸರನ್ನು ಆ ಮನುಷ್ಯ ನಲವತ್ತು ವರ್ಷದ ಮೇಲೆ ಕೇಳಿದ. ತಂಬಿಗೆ ಹುಡುಕುವುದಕ್ಕೆ ಕೂಡ ಅವನಿಗೆ ಕಣ್ಣು ಕಾಣಲಿಲ್ಲ. ಸಿಕ್ಕಿದ ಜಗ್ಗು ಎತ್ತಿಕೊಂಡು “ಬಂದೆ ಬಂದೆ” ಎಂದು ಓಡಿದ.

ಕಲ್ಯಾಣಪ್ಪ ಎದ್ದ. ಅವನ ಹಿಂದೆ ಅರ್ಧ ಪಂಕ್ತಿ ಎದ್ದಿತು. ಹೊರಗೆ ಹೋಗಿ ಹಿತ್ತಲ ಬೇವಿನ ನೆರಳಲ್ಲಿ ನಿಂತರು. ಧರ್ಮ ಕೆಟ್ಟಿತು, ಔರಾದ ಕೆಟ್ಟಿತು ಎಂದು ಚರ್ಚೆಯಾಯಿತು. ಚರ್ಚೆ ದೊಡ್ಡದಾದಷ್ಟೂ ಒಳಗಿನಿಂದ ಝುಣಕದ ಒಗ್ಗರಣೆಯ ವಾಸನೆ ಬರುತ್ತಿತ್ತು. ಎಲ್ಲರೂ ಬೆಳಗಿನ ಜಾವ ಊರು ಬಿಟ್ಟವರು. ಕೊನೆಗೆ ಕಲ್ಯಾಣಪ್ಪನೇ ಶಾಸ್ತ್ರ ಹೇಳಿದ:

“ನೇಮಾ ಮೊದಲ ಮುರದಾಕಿ ಆಕಿ. ಪಾಪ ಏನಿದ್ರ ಭಿ ಆಕಿಗಿ ಹತ್ಯಾದ. ಈಗ ನಾವು ಉಂಡ್ರ ನಮಗೇನ ಹತ್ತಲ್ಲ.”

ಏಳು ತಲೆಯ ನೇಮ ಹೀಗೆ ಒಂದು ರೊಟ್ಟಿಯಲ್ಲಿ ಇತ್ಯರ್ಥವಾಯಿತು. ಎಲ್ಲರೂ ತಿರುಗಿ ಬಂದು ತಮ್ಮ ತಮ್ಮ ತಾಟಿನ ಮುಂದೆ ಕೂತರು. ತಣ್ಣಗಾಗಿದೆ ಎಂದು ಕಲ್ಯಾಣಪ್ಪ ಬಿಸಿ ರೊಟ್ಟಿ ಕೇಳಿದ. ಸ್ವಲ್ಪ ಜೋರಾಗಿಯೇ ಕೇಳಿದ. “ಎಷ್ಟೊತ್ತೋ?” ಅಂತಲೂ ಅಂದ. ರೇವಣಸಿದ್ಧಯ್ಯ ಕೈಚೀಲದ ಮಾತು ಎತ್ತಲಿಲ್ಲ.

ಆದರೆ ಮಂದಿ ನೇಮವಿಲ್ಲದೆ ಬದುಕುವವರಲ್ಲ. ಈಗ ಸಂತೆಯ ದಿನ ಪ್ರತಿ ಪಂಕ್ತಿಯೂ ಗೌರಾಬಾಯಿ ಮೊದಲ ತುತ್ತು ಉಣ್ಣುವವರೆಗೆ ಕಾಯುತ್ತದೆ. ಹಿಂದಿನ ಪಂಕ್ತಿಯ ಪಾಪ ಆ ಪಂಕ್ತಿಗೆ ಮುಗಿಯಿತು, ತಮ್ಮ ಪಂಕ್ತಿಯ ಪಾಪವನ್ನೂ ಅವಳು ಹೊತ್ತುಕೊಳ್ಳಬೇಕಲ್ಲ? “ಬಾಯಿ, ಉಣ್ರಿ, ಹಸಿವಿ ಆಗ್ಯಾದ” ಎಂದು ಕೂಗುತ್ತಾರೆ. ಹುಟ್ಟಿದಾಗಿನಿಂದ ಕೊನೆಗೆ ಉಂಡವಳು ಕೆಂಪು ಗಾದಿಯ ಮೇಲೆ ಕೂತು ಎಲ್ಲರಿಗಿಂತ ಮೊದಲು ಉಣ್ಣುತ್ತಾಳೆ, ಗೊಣಗುತ್ತ, ಪಂಕ್ತಿಗೊಂದು ಸಲ.

ಮೂರು ಗಂಟೆಯ ಸುಮಾರಿಗೆ ಕೊನೆಯ ಗಿರಾಕಿ ಎದ್ದು ಹೋದ ಮೇಲೆ ಗೋಡೆಯ ಆಚೆ ಮೂರು ತಾಟು ಬೀಳುತ್ತವೆ. ಗೌರಾಬಾಯಿಯ ಹೊಟ್ಟೆಯಲ್ಲಿ ಸಾಸಿವೆಗೂ ಜಾಗವಿರುವುದಿಲ್ಲ. ಆದರೂ ತನ್ನ ತಾಟಿಗೆ ಒಂದು ಚೂರು ರೊಟ್ಟಿ ಹಾಕಿಕೊಂಡು ಕೂರುತ್ತಾಳೆ. ಮೊದಲ ಸಲ ಹಾಗೆ ಕೂತ ದಿನ ರೇವಣಸಿದ್ಧಯ್ಯನ ಪಾಲಿಗೆ ನಿಜಕ್ಕೂ ತಳ ಹತ್ತಿದ ಬೇಳೆಯೇ ಬಂದಿತ್ತು. ಒಂದು ತುತ್ತು ಬಾಯಿಗಿಟ್ಟ. ಅಗಿದ.

“ಉಪ್ಪ ಜಾಸ್ತಿ ಆಗ್ಯಾದ, ಗೌರಾಬಾಯಿ,” ಅಂದ.

ಕಸ್ತೂರಬಾಯಿಯ ಕೈ ತಾಟಿನಲ್ಲೇ ನಿಂತಿತು.

“ಏನಂದೀ?” ಗೌರಾಬಾಯಿಯ ದನಿ ಏರಿತು. “ಇಷ್ಟ ವರ್ಷ ಮಂದಿ ಹಾಕಿದ್ದು ಬಾಯಿ ಮುಚ್ಕೊಂಡು ತಿಂದೀ, ಈಗ ನನ್ನ ಬ್ಯಾಳ್ಯಾಗ ಉಪ್ಪ ಹುಡುಕಲಾಕ ಬಂದೀ? ನಿನ್ನ ನಾಲಿಗಿ ಕೆಟ್ಟದ. ಸೇರಲ್ಲಂದ್ರ ಏಳು, ಎದುರಿಗಿ ವಡಾಪಾವ ಸಿಗತದ, ಹೋಗಿ ತಿನ್ನು!”

ರೇವಣಸಿದ್ಧಯ್ಯನ ಕಣ್ಣಲ್ಲಿ ನೀರು ತುಂಬಿತು. ನಂಜಿಕೊಂಡ ಹಸಿಮೆಣಸಿನ ಠೇಚದ ಖಾರ ನೆತ್ತಿಗೇರಿತೆಂದು ಕಸ್ತೂರಬಾಯಿ ತಂಬಿಗೆ ಸರಿಸಿದಳು. ಸ್ವಲ್ಪ ಖಾರವೂ ಇತ್ತು. ಅವನು ಏಳಲಿಲ್ಲ. ತಾಟು ಮುಂದೆ ಚಾಚಿ, “ಇನ್ನೊಂದ ಸೌಟ ಹಾಕ್ರಿ,” ಅಂದ. ಗೌರಾಬಾಯಿ ಬೈಯುತ್ತಲೇ ಹಾಕಿದಳು.